ಲ್ಯಾಪ್‌ಟಾಪಿಗೆ ಧೂಳಿನಿಂದ ರಕ್ಷಣೆ – ಉಸಿರು ಕಟ್ಟದ ಹಾಗೆ

ಮನೆಗೆ ಮೊದಲ ಬಾರಿಗೆ ರೇಡಿಯೋ ಬಂದ ಕಾಲವನ್ನು ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಬಂದ ವಾರದೊಳಗೆ ಅದಕ್ಕೊಂದು ಕಸೂತಿಯ ಹೊದಿಕೆ ಸಿದ್ಧವಾಗುತ್ತಿತ್ತು. ಆಮೇಲೆ ಬಂದ ಟಿ.ವಿ.ಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಇದೇ ಮರ್ಯಾದೆ ಸಂದಿತು. ಹಣ ಕೊಟ್ಟು ತಂದ ವಸ್ತುವನ್ನು ಜೋಪಾನವಾಗಿ ಮುಚ್ಚಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಒಳ್ಳೆಯ ಪದ್ಧತಿಯೇ. ಆದರೆ ಈಗ ಅನೇಕ ಬೆಳೆಗಾರರ ಮನೆಗಳಲ್ಲಿ ತೋಟದ ಲೆಕ್ಕಕ್ಕೂ ಮಕ್ಕಳ ಓದಿಗೂ ಬಳಕೆಯಲ್ಲಿರುವ ಲ್ಯಾಪ್‌ಟಾಪಿನ ವಿಷಯದಲ್ಲಿ ಇದನ್ನು ಸ್ವಲ್ಪ ವಿವೇಚನೆಯಿಂದ ಅನುಸರಿಸಬೇಕಾಗುತ್ತದೆ. ಧೂಳು ಬೀಳದಿರಲೆಂದು ಹಾಕಿದ ಹೊದಿಕೆಯೇ ಆ ಯಂತ್ರವನ್ನು ಕೆಡಿಸಬಲ್ಲದು. ನಾನು ಇದನ್ನು ಕಲಿತದ್ದು ನಷ್ಟಪಟ್ಟು. ಆದುದರಿಂದ ಆ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ಒಂದು ಶನಿವಾರದ ಪಾಠ

ನಮ್ಮದು ಅಡಿಕೆ ತೋಟ, ಜೊತೆಗೆ ಸ್ವಲ್ಪ ಕಾಫಿ. ಒಣಗಿದ ಅಡಿಕೆಯನ್ನು ಮನೆಯ ಪಕ್ಕದ ಚಪ್ಪರದಲ್ಲಿ ಸುಲಿಸುತ್ತೇವೆ. ಸುಲಿಗೆಯ ಕೂಲಿ ಬುಟ್ಟಿ ಲೆಕ್ಕ. ಮೂರು ವರ್ಷಗಳ ಹಿಂದೆ, ಸುಲಿಯುವ ಜಾಗದಲ್ಲೇ ಲೆಕ್ಕ ಬರೆದುಬಿಟ್ಟರೆ ಎರಡೆರಡು ಸಲ ಬರೆಯುವ ಶ್ರಮ ತಪ್ಪುತ್ತದೆಂದು ಚಪ್ಪರದ ಮೂಲೆಯಲ್ಲಿ ಮೇಜು ಹಾಕಿ ಲ್ಯಾಪ್‌ಟಾಪನ್ನು ಅಲ್ಲಿಯೇ ಇಟ್ಟೆ. ಎರಡು ದಿನಕ್ಕೆ ಅದರ ಮೇಲೆ ಅಡಿಕೆ ನಾರಿನ ಧೂಳು ಹಾಸಿತು. ಮನೆಯಾಕೆ ಹಳೆಯ ಸೀರೆಯನ್ನು ಎರಡು ಪದರ ಮಾಡಿ ಚೀಲದಂತೆ ಹೊಲಿದು, ಕೀಲಿಗಳು ಕಾಣುವಷ್ಟು ಮಾತ್ರ ಕಿಂಡಿ ಬಿಟ್ಟು ತೊಡಿಸಿದರು. ನನಗೂ ಅದು ಬಹಳ ಸರಿಯೆನಿಸಿತು.

ನಾಲ್ಕೈದು ವಾರ ಏನೂ ಆಗಲಿಲ್ಲ. ಆಮೇಲೆ ಫ್ಯಾನಿನ ಸದ್ದು ಹೆಚ್ಚಾಯಿತು, ಕೆಲಸ ನಿಧಾನವಾಯಿತು. ಯಂತ್ರ ಹಳೆಯದಾಯಿತೆಂದು ಸುಮ್ಮನಾದೆ. ಒಂದು ಶನಿವಾರ ಸಂಜೆ, ಸುಲಿಯುವವರು ಬಟವಾಡೆಗಾಗಿ ಅಂಗಳದಲ್ಲಿ ಕುಳಿತಿರುವಾಗ, ಲ್ಯಾಪ್‌ಟಾಪು ಒಮ್ಮೆಲೇ ಆರಿಹೋಯಿತು. ಮತ್ತೆ ಹಾಕಿದೆ, ಐದು ನಿಮಿಷಕ್ಕೆ ಮತ್ತೆ ಆರಿತು. ಕೈಯಿಟ್ಟು ನೋಡಿದರೆ ಅಡಿಭಾಗ ಮುಟ್ಟಲಾಗದಷ್ಟು ಬಿಸಿ. ತಣಿದ ಮೇಲೆ ತೆರೆದಾಗ ಬುಧವಾರದವರೆಗಿನ ಲೆಕ್ಕ ಮಾತ್ರ ಇತ್ತು. ಮುಂದಿನ ಮೂರು ದಿನದ ಬುಟ್ಟಿಗಳನ್ನು ನಾನು ತುಂಬಿಸಿದ್ದೆನೇ ಹೊರತು ಉಳಿಸಿರಲಿಲ್ಲ.

ದುಡಿದವರ ಮುಂದೆ ನಿಂತು, ನಿಮ್ಮ ಲೆಕ್ಕ ನನ್ನಲ್ಲಿಲ್ಲ ಎಂದು ಹೇಳುವುದು ಸುಲಭವಲ್ಲ. ಅವರಲ್ಲಿ ಹಿರಿಯ ಹೆಂಗಸೊಬ್ಬರು ಎದ್ದು, ಚಪ್ಪರದ ಕಂಬ ತೋರಿಸಿದರು. ಬುಟ್ಟಿಗೊಂದರಂತೆ ಇದ್ದಲಿನಲ್ಲಿ ಗೀಟು ಎಳೆದಿದ್ದರು. ತಮ್ಮದಷ್ಟೇ ಅಲ್ಲ, ಎಲ್ಲರದ್ದೂ. ಆ ದಿನದ ಬಟವಾಡೆ ಇದ್ದಲಿನ ಗೀಟಿನ ಮೇಲೆ ನಡೆಯಿತು.

ಮರುದಿನ ರಿಪೇರಿ ಮಾಡುವ ಹುಡುಗ ಲ್ಯಾಪ್‌ಟಾಪಿನ ಅಡಿಯನ್ನು ಬಿಚ್ಚಿ ತೋರಿಸಿದ. ಫ್ಯಾನಿನ ಬಾಯಿಗೆ ಅಂಟಿಕೊಂಡು ಕಂಬಳಿಯ ತುಂಡಿನಂತೆ ಗಟ್ಟಿಯಾದ ಒಂದು ಪದರ. ಬಣ್ಣ ನಮ್ಮ ಅಡಿಕೆ ಸಿಪ್ಪೆಯದೇ. "ಧೂಳು ಒಳಗೆ ಹೋದದ್ದೂ ಹೌದು, ಗಾಳಿ ಹೊರಗೆ ಬಾರದ್ದೂ ಹೌದು. ನೀವು ಎರಡೂ ಕಡೆಯಿಂದ ಕಟ್ಟಿದ್ದೀರಿ ಮಾವ" ಎಂದ.

ಯಂತ್ರದ ಒಳಗೆ ನಡೆಯುವುದೇನು?

ಲ್ಯಾಪ್‌ಟಾಪಿನ ಚಾರ್ಜರಿನ ಮೇಲೆ 45 ವ್ಯಾಟ್ ಅಥವಾ 65 ವ್ಯಾಟ್ ಎಂದು ಬರೆದಿರುವುದನ್ನು ಸದಸ್ಯರು ನೋಡಿರಬಹುದು. ಬ್ಯಾಟರಿ ತುಂಬಿದ ಮೇಲೆ ಯಂತ್ರ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹೆಚ್ಚು ಕೆಲಸ ಕೊಟ್ಟಾಗ ಅದು ಹಿಂದಿನ ಕಾಲದ 40 ವ್ಯಾಟಿನ ಬಲ್ಬು ಉರಿದಂತೆಯೇ. ಉರಿಯುವ ಬಲ್ಬಿಗೆ ಬಟ್ಟೆ ಸುತ್ತಿದರೆ ಏನಾಗುವುದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈ ಶಾಖದ ಬಹುಪಾಲು ಹುಟ್ಟುವುದು ಪ್ರೊಸೆಸರ್ ಎಂಬ ಬೆರಳುಗುರಿನಷ್ಟು ಗಾತ್ರದ ಭಾಗದಲ್ಲಿ. ಅದರ ಮೇಲೆ ಚಪ್ಪಟೆಯಾದ ತಾಮ್ರದ ಕೊಳವೆಯೊಂದನ್ನು ಒತ್ತಿ ಕೂರಿಸಿರುತ್ತಾರೆ. ಕೊಳವೆಯ ಒಳಗೆ ಅತ್ಯಲ್ಪ ದ್ರವವಿರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ ಇನ್ನೊಂದು ತುದಿಗೆ ಹೋಗಿ, ಅಲ್ಲಿ ತಣಿದು ಮತ್ತೆ ದ್ರವವಾಗಿ ಹಿಂತಿರುಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಮುಚ್ಚಳಕ್ಕೆ ತಗುಲಿದ ಆವಿ ಹನಿಯಾಗಿ ಇಳಿಯುವಂತೆ. ಆ ತಣ್ಣನೆಯ ತುದಿಗೆ ತೆಳುವಾದ ಲೋಹದ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಸಣ್ಣ ಫ್ಯಾನೊಂದು ಅಡಿಭಾಗದ ಕಿಂಡಿಗಳಿಂದ, ಕೆಲವು ಮಾದರಿಗಳಲ್ಲಿ ಕೀಲಿಗಳ ಸಂದಿನಿಂದಲೂ, ಗಾಳಿಯನ್ನು ಎಳೆದು ಈ ಎಲೆಗಳ ನಡುವೆ ನೂಕಿ, ಪಕ್ಕದ ಅಥವಾ ಹಿಂದಿನ ಕಿಂಡಿಯಿಂದ ಹೊರಗೆ ಹಾಕುತ್ತದೆ.

ಜೀಪಿನ ರೇಡಿಯೇಟರನ್ನು ಬಲ್ಲವರಿಗೆ ಇದು ಹೊಸದಲ್ಲ. ರೇಡಿಯೇಟರಿಗೆ ಹುಲ್ಲಿನ ಬೀಜ, ಕೆಸರು ಮೆತ್ತಿಕೊಂಡರೆ ಇಂಜಿನ್ ಕುದಿಯುತ್ತದೆ. ಕೆಸರು ತಾಗದಿರಲೆಂದು ಅದರ ಮುಂದೆ ಗೋಣಿ ಕಟ್ಟಿ ಓಡಿಸಿದರೂ ಕುದಿಯುತ್ತದೆ. ಲ್ಯಾಪ್‌ಟಾಪಿನ ವಿಷಯವೂ ಅಷ್ಟೇ.

ಧೂಳು ಹೆಚ್ಚಾಗಿ ಕಟ್ಟಿಕೊಳ್ಳುವುದು ಫ್ಯಾನಿಗೂ ಲೋಹದ ಎಲೆಗಳಿಗೂ ನಡುವಿನ ಜಾಗದಲ್ಲಿ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಹೊರಗಿನಿಂದ ನೋಡಿದರೆ ಅದು ಕಾಣಿಸದು. ಹೊರಗೆ ಎಷ್ಟು ಒರೆಸಿದರೂ ಹೋಗದು. ಗಾಳಿ ಕಡಿಮೆಯಾಗಿ ಪ್ರೊಸೆಸರಿನ ಶಾಖ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಆರಿಹೋಗುತ್ತದೆ. ಹೀಗೆ ಆರಿದ ಮಾತ್ರಕ್ಕೆ ಯಂತ್ರ ಸತ್ತಿತೆಂದಲ್ಲ. ಆದರೆ ದಿನವೂ ಬಿಸಿಯಲ್ಲೇ ಕೆಲಸ ಮಾಡಿದರೆ ಬ್ಯಾಟರಿ ಬೇಗ ಶಕ್ತಿಗುಂದುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯಿಂದ ಬೆಂಕಿಯ ಅಪಾಯವುಂಟು. ತಳ ಸಮತಟ್ಟಾಗಿ ಕೂರದಿದ್ದರೆ, ಇಲ್ಲವೇ ಬೆರಳಾಡಿಸುವ ಪಟ್ಟಿ ಮೇಲೆದ್ದರೆ, ಚಾರ್ಜ್ ಮಾಡುವುದನ್ನು ನಿಲ್ಲಿಸಿ ಕೂಡಲೇ ತಿಳಿದವರಿಗೆ ತೋರಿಸಬೇಕು. ಅದನ್ನು ಚುಚ್ಚುವುದಾಗಲಿ ಒತ್ತುವುದಾಗಲಿ ಸರ್ವಥಾ ಕೂಡದು.

ನಮ್ಮ ಕಡೆಯ ಧೂಳಿನ ಬಗೆಗಳು

ಪಟ್ಟಣದ ಮನೆಯ ಧೂಳಿಗೂ ತೋಟದ ಮನೆಯ ಧೂಳಿಗೂ ವ್ಯತ್ಯಾಸವುಂಟು.

ಒಣ ಅಡಿಕೆ ಸುಲಿಯುವಾಗ ಏಳುವ ಧೂಳಿನಲ್ಲಿ ಸಣ್ಣ ನಾರು ಇರುತ್ತದೆ. ಬರಿಯ ಮಣ್ಣಿನ ಹುಡಿಯಾದರೆ ಸ್ವಲ್ಪಮಟ್ಟಿಗೆ ಗಾಳಿಯೊಂದಿಗೆ ಹೊರಗೆ ಹೋದೀತು, ನಾರು ಹಾಗಲ್ಲ. ಅದು ಲೋಹದ ಎಲೆಗಳಿಗೆ ಅಡ್ಡವಾಗಿ ನಿಂತು ಜಾಳಿಗೆಯಾಗುತ್ತದೆ, ಆ ಜಾಳಿಗೆಯಲ್ಲಿ ಉಳಿದ ಧೂಳು ತುಂಬುತ್ತದೆ. ಕಾಫಿ ಚೆರ್ರಿಯನ್ನು ಹಲ್ಲರಿಗೆ ಹಾಕುವಲ್ಲಿ ಏಳುವ ಸಿಪ್ಪೆಯ ಹುಡಿ ಹಗುರ. ಬಹಳ ದೂರ ಹಾರುತ್ತದೆ. ಗೋದಾಮಿನಲ್ಲಿ ಗೋಣಿ ಚೀಲ ಕೊಡವಿದಾಗ ಬೀಳುವ ಸೆಣಬಿನ ಎಳೆಯೂ ನಾರಿನ ಜಾತಿಯದೇ.

ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣಿನ ರಸ್ತೆಯಿಂದ ಏಳುವ ಕೆಂಪು ಧೂಳು ಬಹಳ ನುಣುಪು. ಎಲ್ಲ ಸಂದಿಗೂ ಇಳಿಯುತ್ತದೆ. ಅಡುಗೆ ಒಲೆಯ ಮತ್ತು ಅಡಿಕೆ ಬೇಯಿಸುವ ಒಲೆಯ ಹೊಗೆಯಲ್ಲಿ ಜಿಡ್ಡಿರುವುದರಿಂದ ಅದು ಮೊದಲು ಅಂಟಿಕೊಂಡು, ಬಂದ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ಅಡಿಕೆ ಬೆಳೆಗಾರರು ವಿಶೇಷವಾಗಿ ನೆನಪಿಡಬೇಕು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮತ್ತು ಸುಣ್ಣವನ್ನು ಇಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪು ಇಡಬಾರದು. ಮೈಲುತುತ್ತದ ಹುಡಿ ಮಳೆಗಾಲದ ತೇವದೊಂದಿಗೆ ಸೇರಿದರೆ ಲೋಹವನ್ನು ತಿನ್ನುತ್ತದೆ. ಗಂಧಕದ ಹೊಗೆಯೂ ತಾಮ್ರಕ್ಕೆ ಶತ್ರು. ಇವು ಗಾಳಿಯ ದಾರಿಯನ್ನು ಕಟ್ಟುವುದಕ್ಕಿಂತ ಹೆಚ್ಚಿನ ಹಾನಿಯನ್ನು ಸದ್ದಿಲ್ಲದೆ ಮಾಡುತ್ತವೆ.

ಹೊದಿಕೆಗೆ ಒಂದೇ ನಿಯಮ

ಯಂತ್ರ ನಡೆಯುತ್ತಿರುವಾಗ ಹೊದಿಕೆ ಇರಬಾರದು. ನಿಂತು ತಣಿದ ಮೇಲೆ ಹೊದಿಕೆ ಇಲ್ಲದೆ ಇರಬಾರದು. ಇಷ್ಟೇ ನಿಯಮ.

ಕೆಲಸ ಮುಗಿದ ಮೇಲೆ ಯಂತ್ರವನ್ನು ಪೂರ್ಣವಾಗಿ ಶಟ್‌ಡೌನ್ ಮಾಡಬೇಕು. ಬರಿದೇ ಮುಚ್ಚಳ ಮಡಚಿದರೆ ಹೆಚ್ಚಿನ ಲ್ಯಾಪ್‌ಟಾಪುಗಳು ನಿದ್ರಾಸ್ಥಿತಿಗೆ ಹೋಗುತ್ತವೆ. ಅವು ಒಮ್ಮೊಮ್ಮೆ ತಾವಾಗಿಯೇ ಎಚ್ಚೆತ್ತು ಚೀಲದೊಳಗೇ ಬಿಸಿಯಾಗುವುದುಂಟು. ಶಟ್‌ಡೌನ್ ಆದ ಮೇಲೆ ಕಾಲು ಗಂಟೆ ತಣಿಯಲು ಬಿಟ್ಟು, ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಯನ್ನು ಹೊದಿಸಬೇಕು. ವಾರಕ್ಕೊಮ್ಮೆ ಬಟ್ಟೆಯನ್ನು ಅಂಗಳದಲ್ಲಿ ಕೊಡವಿ, ಆಗಾಗ ಒಗೆಯಬೇಕು. ಧೂಳು ತುಂಬಿದ ಹೊದಿಕೆಯನ್ನು ಎಳೆದರೆ ಧೂಳೆಲ್ಲ ಕೀಲಿಗಳ ಮೇಲೇ ಉದುರುತ್ತದೆ. ಪ್ಲಾಸ್ಟಿಕ್ ಹೊದಿಕೆ ನಮ್ಮ ಹವೆಗೆ ಒಗ್ಗುವುದಿಲ್ಲ. ಅದರೊಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ.

ಕೀಲಿಗಳ ಮೇಲೆ ಹಾಸುವ ರಬ್ಬರಿನಂತಹ ತೆಳು ಹಾಳೆಗಳು ಅಂಗಡಿಯಲ್ಲಿ ಸಿಗುತ್ತವೆ. ಕೀಲಿಗಳ ಸಂದಿನಿಂದ ಗಾಳಿ ಎಳೆಯುವ ಮಾದರಿಗಳಿಗೆ ಇವು ತಕ್ಕುದಲ್ಲ. ಬೇರೆ ಮಾದರಿಗಳಿಗೆ ಹಾಕಿದರೂ ಮುಚ್ಚಳ ಮಡಚುವ ಮೊದಲು ತೆಗೆದಿಡಬೇಕು. ಇಲ್ಲವಾದರೆ ಪರದೆಯ ಮೇಲೆ ಒತ್ತು ಬೀಳಬಹುದು.

ಗಾಳಿ ಎಳೆಯುವ ಕಿಂಡಿಗೆ ತೆಳು ಬಲೆಯ ಬಟ್ಟೆ ಅಂಟಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಬಲೆ ನಾರನ್ನು ತಡೆಯುತ್ತದೆ, ನಿಜ. ಆದರೆ ಹೊಸ ಬಲೆಯೂ ಸ್ವಲ್ಪ ಗಾಳಿಯನ್ನು ತಡೆಯುತ್ತದೆ, ಧೂಳು ತುಂಬಿದ ಬಲೆ ಪೂರಾ ತಡೆಯುತ್ತದೆ. ಟಿಲ್ಲರಿನ ಏರ್ ಫಿಲ್ಟರನ್ನು ತೊಳೆಯದೆ ಬಿಟ್ಟಂತೆ. ಎರಡು ಮೂರು ದಿನಕ್ಕೊಮ್ಮೆ ತಪ್ಪದೆ ಬಲೆ ಬದಲಾಯಿಸುವವರು ಮಾತ್ರ ಈ ಉಪಾಯಕ್ಕೆ ಹೋಗಬೇಕು. ಬಿಸಿ ಗಾಳಿ ಹೊರಬರುವ ಕಿಂಡಿಗೆ ಬಲೆ, ಬಟ್ಟೆ, ಟೇಪು ಯಾವುದನ್ನೂ ಹಾಕಲೇಬಾರದು.

ಧೂಳು ಇರುವಲ್ಲಿಗೆ ಯಂತ್ರವನ್ನು ಒಯ್ಯದಿರುವುದೇ ಲೇಸು

ನನ್ನ ತಪ್ಪಿನ ಮೂಲ ಹೊದಿಕೆಯಲ್ಲಿರಲಿಲ್ಲ. ಮೇಜನ್ನು ಚಪ್ಪರದಲ್ಲಿ ಹಾಕಿದ್ದರಲ್ಲಿತ್ತು. ಈಗ ಚಪ್ಪರದಲ್ಲಿ ಒಂದು ನೋಟುಪುಸ್ತಕವನ್ನು ದಾರ ಕಟ್ಟಿ ತೂಗುಹಾಕಿದ್ದೇನೆ. ಬುಟ್ಟಿಯ ಲೆಕ್ಕವನ್ನು ಅಲ್ಲಿ, ಸುಲಿದವರ ಕಣ್ಣೆದುರಿಗೇ ಬರೆಯುತ್ತೇವೆ. ಸಂಜೆ ಮನೆಯೊಳಗೆ ಕೂತು ಲ್ಯಾಪ್‌ಟಾಪಿಗೆ ಏರಿಸಿ, ಕೂಡಲೇ ಉಳಿಸಿ, ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಎರಡು ಸಲ ಬರೆಯುವ ಶ್ರಮವಾಗುತ್ತದೆ. ಆದರೆ ಎರಡು ಕಡೆ ಇರುವ ಲೆಕ್ಕ ಒಮ್ಮೆಗೇ ಕಳೆದುಹೋಗದು. ದೊಡ್ಡ ತೋಟಗಳಲ್ಲಿ ಹಾಜರಿ ಬರೆಯುವ ರೈಟರುಗಳಿಗೂ ಈ ಕ್ರಮ ಅನುಕೂಲ. ಮೊಬೈಲಿನಲ್ಲಿ ಬರೆದುಕೊಳ್ಳುವವರು ಹಾಗೆಯೂ ಮಾಡಬಹುದು. ಸಾಮಾನ್ಯ ಮೊಬೈಲಿಗೆ ಫ್ಯಾನೂ ಇಲ್ಲ, ಗಾಳಿ ಎಳೆಯುವ ಕಿಂಡಿಯೂ ಇಲ್ಲ.

ಮನೆಯೊಳಗೆ ಜಾಗ ಆರಿಸುವಾಗ ಸುಲಿಯುವ ಚಪ್ಪರಕ್ಕೂ ಕಣಕ್ಕೂ ಬೆನ್ನು ಮಾಡಿದ ಕೋಣೆಯನ್ನು ಆರಿಸಬೇಕು. ಗಟ್ಟಿಯಾದ ಮೇಜು ಬೇಕು. ಹಾಸಿಗೆ, ದಿಂಬು, ಚಾಪೆ, ಮಡಿಲಿನ ಮೇಲಿನ ಕಂಬಳಿ ಇವು ಅಡಿಯ ಕಿಂಡಿಗಳನ್ನು ಮುಚ್ಚುವುದಲ್ಲದೆ ತಮ್ಮ ಎಳೆಗಳನ್ನೂ ಒಳಗೆ ಕಳಿಸುತ್ತವೆ. ಲ್ಯಾಪ್‌ಟಾಪಿನ ಹಿಂಬದಿಯ ಎರಡು ಮೂಲೆಗಳಿಗೆ ಒಂದಂಗುಲದ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಿದರೆ ಅಡಿಯಲ್ಲಿ ಗಾಳಿಯಾಡುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಬಿಸಿ ಗಾಳಿಯ ಕಿಂಡಿಗೂ ಗೋಡೆಗೂ ಗೇಣಿನಷ್ಟಾದರೂ ಅಂತರವಿರಲಿ.

ಅಡಿಯಲ್ಲಿಡುವ ಫ್ಯಾನಿನ ಹಲಗೆಗಳು ಸ್ವಚ್ಛ ಕೋಣೆಯಲ್ಲಿ ಉಪಯುಕ್ತ. ಧೂಳಿನ ಜಾಗದಲ್ಲಿ ಅವು ಹೆಚ್ಚು ಗಾಳಿಯೊಂದಿಗೆ ಹೆಚ್ಚು ಧೂಳನ್ನೂ ಒಳಗೆ ನೂಕುತ್ತವೆ.

ಕಣದ ಬಳಿ, ಗೋದಾಮಿನಲ್ಲಿ ಯಂತ್ರ ಇಡಲೇಬೇಕಾದ ಸಂದರ್ಭ ಬಂದರೆ, ಮುಚ್ಚಿದ ಮರದ ಕಪಾಟು ಮಾಡಿಸಿ, ಒಂದು ಬದಿಗೆ ಅಗಲವಾದ ಫಿಲ್ಟರು ಮತ್ತು ಒಳಮುಖವಾಗಿ ಗಾಳಿ ತಳ್ಳುವ ಫ್ಯಾನು, ಎದುರು ಬದಿಯಲ್ಲಿ ಮೇಲುಗಡೆಗೆ ಗಾಳಿ ಹೊರಹೋಗುವ ಕಿಂಡಿ ಇಡಿಸಬೇಕು. ಒಳಗಿನ ಗಾಳಿ ಹೊರಕ್ಕೆ ಒತ್ತುತ್ತಿರುವುದರಿಂದ ಸಂದುಗಳಿಂದ ಧೂಳು ನುಗ್ಗಲಾರದು. ಫಿಲ್ಟರು ಎಷ್ಟು ಅಗಲವೋ ಅಷ್ಟು ನಿಧಾನವಾಗಿ ಕಟ್ಟುತ್ತದೆ. ಗಾಳಿಯ ದಾರಿಯಿಲ್ಲದ ಪೆಟ್ಟಿಗೆಯನ್ನು ಮಾತ್ರ ಯಾರೂ ಮಾಡಿಸಬಾರದು.

ಕಟ್ಟಿದೆಯೆಂದು ತಿಳಿಯುವುದು ಹೇಗೆ?

ಯಂತ್ರವನ್ನು ಅರ್ಧ ಗಂಟೆ ನಡೆಸಿ, ಗಾಳಿ ಹೊರಬರುವ ಕಿಂಡಿಯ ಮುಂದೆ ಕೈ ಹಿಡಿಯಿರಿ. ಫ್ಯಾನಿನ ಸದ್ದು ಜೋರಾಗಿದ್ದು ಬಿಸಿ ಗಾಳಿಯೂ ಜೋರಾಗಿ ಬರುತ್ತಿದ್ದರೆ ದಾರಿ ತೆರೆದಿದೆ. ಸದ್ದು ಜೋರಾಗಿದ್ದು ಗಾಳಿ ಮಂದವಾಗಿದ್ದರೆ ಒಳಗೆ ಕಟ್ಟಿದೆ. ಏನೂ ಕೆಲಸವಿಲ್ಲದಾಗಲೂ ಫ್ಯಾನು ಬಿಡದೆ ತಿರುಗುವುದು, ಹಿಂದೆ ಬೇಗ ಆಗುತ್ತಿದ್ದ ಕೆಲಸ ನಿಧಾನವಾಗುವುದು, ತಾನಾಗಿ ಆರುವುದು ಇವೂ ಲಕ್ಷಣಗಳು. ಮೊದಲ ಲಕ್ಷಣ ಕಂಡಾಗಲೇ ಗಮನಿಸಿದರೆ ಕೊನೆಯದನ್ನು ಕಾಣಬೇಕಾಗಿಲ್ಲ.

ಶುಚಿಗೊಳಿಸುವ ಕ್ರಮ

ಹೊರಭಾಗವನ್ನು ಯಾರೂ ಮಾಡಿಕೊಳ್ಳಬಹುದು. ಶಟ್‌ಡೌನ್ ಮಾಡಿ, ಚಾರ್ಜರಿನ ತಂತಿ ಕಳಚಿ, ಮೃದುವಾದ ಕುಂಚದಿಂದ ಕಿಂಡಿಗಳ ಧೂಳನ್ನು ಹೊರಮುಖವಾಗಿ ಗುಡಿಸಬೇಕು. ಕೀಲಿಗಳಿಗೆ ಯಂತ್ರವನ್ನು ಓರೆಯಾಗಿ ಹಿಡಿದು, ಕೈಯಲ್ಲಿ ಒತ್ತುವ ರಬ್ಬರಿನ ಊದುಬುರುಡೆಯಿಂದ ಊದಬೇಕು. ಬಾಯಿಂದ ಊದಿದರೆ ಉಗುಳಿನ ತೇವ ಒಳಗೆ ಹೋಗುತ್ತದೆ. ಪರದೆಯ ಧೂಳನ್ನು ಮೊದಲು ಕುಂಚದಿಂದ ಉದುರಿಸಿ ಆಮೇಲೆ ಒರೆಸಬೇಕು. ಮಣ್ಣಿನ ಕಣ ಇರುವಾಗ ಉಜ್ಜಿದರೆ ಗೀರು ಬೀಳುತ್ತದೆ.

ಒಳಭಾಗಕ್ಕೆ ತಳವನ್ನು ಬಿಚ್ಚಬೇಕಾಗುತ್ತದೆ. ಅಭ್ಯಾಸವಿಲ್ಲದವರು, ವಾರಂಟಿ ಮುಗಿಯದವರು ಇದನ್ನು ತಿಳಿದವರಿಂದಲೇ ಮಾಡಿಸುವುದು ಕ್ಷೇಮ. ಮಾಡಿಸುವಾಗ ಎದುರಿಗೆ ನಿಂತು ಮೂರು ವಿಷಯ ನೋಡಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಅದರ ಬೇರಿಂಗು ಕೆಡುತ್ತದೆ. ಗಟ್ಟಿಯಾದ ಪದರವನ್ನು ಊದಿ ಒಳಕ್ಕೆ ತಳ್ಳದೆ ಚಿಮಟದಿಂದ ಎತ್ತಿ ತೆಗೆಯಬೇಕು. ತಾಮ್ರದ ಕೊಳವೆಯನ್ನು ಪ್ರೊಸೆಸರಿನಿಂದ ಎತ್ತಿದ್ದಾದರೆ ಹಳೆಯ ಲೇಪವನ್ನು ಒರೆಸಿ ಹೊಸ ಲೇಪ ಹಚ್ಚಿಯೇ ಕೂರಿಸಬೇಕು.

ಟಯರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಊದಿಸುವವರಿದ್ದಾರೆ. ಅದರ ಒತ್ತಡವೂ ಹೆಚ್ಚು, ಟ್ಯಾಂಕಿನ ನೀರು ಮತ್ತು ಎಣ್ಣೆಯ ಹನಿಯೂ ಗಾಳಿಯೊಂದಿಗೆ ಬರುತ್ತದೆ. ಇದನ್ನು ಮಾಡಬಾರದು.

ಮನೆಯೊಳಗೆ ಮಾತ್ರ ಬಳಸುವ ಯಂತ್ರಕ್ಕೆ ವರ್ಷಕ್ಕೊಮ್ಮೆ ಈ ಕೆಲಸ ಸಾಕು. ಸುಗ್ಗಿಯ ಧೂಳಿನ ನಡುವೆ ಇರುವ ಯಂತ್ರವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿಸಬೇಕು.

ಋತುವಿಗೆ ತಕ್ಕ ಎಚ್ಚರ

ನವೆಂಬರಿನಿಂದ ಮಾರ್ಚಿಯವರೆಗೆ ಕೊಯ್ಲು, ಒಣಗಿಸುವಿಕೆ ನಡೆಯುವಾಗ ಕಿಟಕಿ ಮತ್ತು ಹೊದಿಕೆಯ ಬಗ್ಗೆ ಗಮನವಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಧೂಳಿನೊಂದಿಗೆ ಸೆಕೆಯೂ ಸೇರುತ್ತದೆ. ತಯಾರಕರು ಸಾಮಾನ್ಯವಾಗಿ 35 ಡಿಗ್ರಿವರೆಗಿನ ಕೋಣೆಯ ಶಾಖಕ್ಕೆ ಯಂತ್ರವನ್ನು ರೂಪಿಸಿರುತ್ತಾರೆ. ಮಧ್ಯಾಹ್ನದ ತಗಡಿನ ಮಾಡಿನಡಿ ಅದನ್ನು ಮೀರುವುದು ಸುಲಭ. ಭಾರವಾದ ಕೆಲಸಗಳನ್ನು ಬೆಳಗ್ಗೆ ಮುಗಿಸಬೇಕು.

ಸುಗ್ಗಿ ಮುಗಿದು ಮಳೆ ಹಿಡಿಯುವ ಮೊದಲು ಒಳಗಿನ ಧೂಳನ್ನು ತೆಗೆಸುವುದು ಬಹಳ ಮುಖ್ಯ. ಉಳಿದ ಧೂಳು ಜೂನಿನ ತೇವವನ್ನು ಹೀರಿ ಕೆಸರಿನಂತಾಗಿ ಅಂಟುತ್ತದೆ, ಲೋಹಕ್ಕೆ ತುಕ್ಕು ತರುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿಡದೆ, ದಿನವೂ ಸ್ವಲ್ಪ ಹೊತ್ತು ನಡೆಸಿದರೆ ಅದರ ಶಾಖವೇ ಅದನ್ನು ಒಣಗಿಸುತ್ತದೆ. ಕಿಂಡಿಗಳಲ್ಲಿ ಇರುವೆ ಗೂಡು ಕಟ್ಟದಂತೆಯೂ ನೋಡಿಕೊಳ್ಳಬೇಕು. ಮೇಜಿನ ಮೇಲೆ ತಿಂಡಿ ತಿನ್ನದಿದ್ದರೆ ಆ ತೊಂದರೆ ಅರ್ಧ ತಪ್ಪಿತು.

ನೆನಪಿಡಬೇಕಾದ ಅಂಶಗಳು

1. ನಡೆಯುವಾಗ ತೆರೆದಿರಲಿ, ತಣಿದ ಮೇಲೆ ಮುಚ್ಚಿರಲಿ.
2. ಹೊದಿಕೆ ಹತ್ತಿಯದಿರಲಿ, ಪ್ಲಾಸ್ಟಿಕ್ ಬೇಡ.
3. ಬಿಸಿ ಗಾಳಿ ಹೊರಬರುವ ಕಿಂಡಿಗೆ ಏನನ್ನೂ ಅಡ್ಡ ಇಡಬೇಡಿ.
4. ಧೂಳಿರುವಲ್ಲಿಗೆ ನೋಟುಪುಸ್ತಕ ಹೋಗಲಿ, ಲ್ಯಾಪ್‌ಟಾಪು ಬೇಡ.
5. ಮೈಲುತುತ್ತ, ಸುಣ್ಣ, ಗಂಧಕದಿಂದ ದೂರವಿಡಿ.
6. ಮಳೆಗೆ ಮುಂಚೆ ಒಮ್ಮೆ ಒಳಗನ್ನು ಶುಚಿ ಮಾಡಿಸಿ.
7. ಬರೆದ ಲೆಕ್ಕವನ್ನು ಆಗಲೇ ಉಳಿಸಿ, ಇನ್ನೊಂದು ಪ್ರತಿ ಇಡಿ.

ಆ ಸೀರೆಯ ಚೀಲ ಈಗಲೂ ನಮ್ಮಲ್ಲಿದೆ. ಸಂಜೆ ಲೆಕ್ಕ ಮುಗಿಸಿ, ಯಂತ್ರ ತಣಿದ ಮೇಲೆ ಮನೆಯಾಕೆಯೇ ಅದನ್ನು ತೊಡಿಸುತ್ತಾರೆ. ಚಪ್ಪರದ ಕಂಬದ ಮೇಲಿನ ಇದ್ದಲಿನ ಗೀಟುಗಳನ್ನು ಮಾತ್ರ ನಾನು ಅಳಿಸಲಿಲ್ಲ. ಪ್ರತಿ ಶನಿವಾರ ಬಟವಾಡೆಗೆ ಕೂರುವಾಗ ಅವು ಕಣ್ಣಿಗೆ ಬೀಳುತ್ತವೆ, ಬಿದ್ದರೆ ಒಳ್ಳೆಯದೇ.